ಎಪಿಫಾನಿಯಾ ಯಾರ ಅಜ್ಜಿ

ಗ್ರಿಸೆಲ್ಡಾ ನನ್ನ ಗಂಡನನ್ನು ಹಾರಿಸಿಕೊಂಡು ಹೋಗಿದ್ದರೆ ಊರಿನ ಅರ್ಧ ಜನವಾದರೂ ನನ್ನ ಪರ ನಿಲ್ಲುತ್ತಿದ್ದರು. ಅವಳು ಹಾರಿಸಿಕೊಂಡು ಹೋದದ್ದು ನನ್ನ ಅಜ್ಜಿಯನ್ನು. ಅಜ್ಜಿಯನ್ನು ಕದ್ದಳು ಎಂದರೆ ಯಾರು ನಂಬುತ್ತಾರೆ? ನಗುತ್ತಾರೆ. ನಕ್ಕರು ಕೂಡ.

ನಮ್ಮೂರು ಟೆಕ್ಸಸ್‌ನ ದಕ್ಷಿಣದ ತುದಿಯಲ್ಲಿ, ನದಿಯ ಈ ದಡದಲ್ಲಿದೆ. ಆ ದಡ ಮೆಕ್ಸಿಕೊ. ಇಲ್ಲಿನ ಮಿಡ್ಲ್ ಸ್ಕೂಲಿನ ಆರನೇ ತರಗತಿಯಲ್ಲಿ ನಾನು ಬಹಳ ವರ್ಷಗಳಿಂದ ಸಹಾಯಕಿ. ಸಹಾಯಕಿ ಎಂದರೆ ಜೆರಾಕ್ಸ್ ತೆಗೆಯುವವಳು, ಮೂಗಿನಲ್ಲಿ ರಕ್ತ ಸುರಿಯುವ ಹುಡುಗನನ್ನು ನರ್ಸ್ ಹತ್ತಿರ ಓಡಿಸುವವಳು, ಇಂಗ್ಲಿಷ್ ಬಾರದ ಮಗುವಿನ ಪಕ್ಕ ಕೂತು ಕಿವಿಯಲ್ಲಿ ಸ್ಪ್ಯಾನಿಷ್ ಪಿಸುಗುಡುವವಳು. ಮಕ್ಕಳು ನನ್ನನ್ನೂ 'ಮಿಸ್' ಎನ್ನುತ್ತಾರೆ. ಆದರೆ ಪಾಠ ಮಾಡುವವಳು ಇನ್ನೊಬ್ಬಳು. ಆ ತರಗತಿಯ ಮುಂದೆ ನಾನು ನಿಲ್ಲಬೇಕು, ಅಷ್ಟೇ ನನಗೆ ಬೇಕಾಗಿದ್ದದ್ದು.

ಅದಕ್ಕೊಂದು ಪದವಿ ಬೇಕು. ಮಿಡ್ಲ್ ಸ್ಕೂಲಿಗೆ ಟೀಚರ್ ಆಗುವವರು ನಮ್ಮಲ್ಲಿ ಓದುವುದು ಅಂತರಶಿಸ್ತೀಯ ಅಧ್ಯಯನ. ಗಣಿತ, ವಿಜ್ಞಾನ, ಸಮಾಜ, ಭಾಷೆ ನಾಲ್ಕನ್ನೂ ಕಲಿಯಬೇಕು, ನಾಲ್ಕನ್ನೂ ಒಂದೇ ಪಾಠದಲ್ಲಿ ಹೆಣೆಯುವುದನ್ನೂ ಕಲಿಯಬೇಕು. ನನ್ನ ಗಂಡನಿಗೆ ಆ ಹೆಸರು ಕೊನೆಗೂ ನಾಲಿಗೆಗೆ ಹತ್ತಲಿಲ್ಲ. "ಅಂದ್ರೆ ಎಲ್ಲಾ ಸ್ವಲ್ಪ ಸ್ವಲ್ಪ, ಯಾವುದೂ ಪೂರ್ತಿ ಇಲ್ಲ. ನಮ್ಮಮ್ಮನ ಭಾನುವಾರದ ಸಾರು ಇದ್ದಹಾಗೆ" ಎಂದು ರೇಗಿಸುತ್ತಿದ್ದ.

ಒಬ್ಬಳೇ ಕಾಲೇಜಿಗೆ ಹೋಗಲು ಧೈರ್ಯ ಸಾಲದೆ ನಾನೇ ಗ್ರಿಸೆಲ್ಡಾಳನ್ನು ಜೊತೆಗೆ ಎಳೆದುಕೊಂಡೆ. ಅವಳು ಅದೇ ಶಾಲೆಯ ಆಫೀಸಿನ ಕಿಟಕಿಯ ಹಿಂದೆ ಕೂತು, ತಡವಾಗಿ ಬಂದ ಮಕ್ಕಳಿಗೆ ಚೀಟಿ ಬರೆದುಕೊಡುತ್ತಿದ್ದಳು. ನಾವು ಬರಿಯ ಗೆಳತಿಯರಲ್ಲ, ಕೊಮಾದ್ರೆಗಳು. ನನ್ನ ಮಗಳು ನಯೇಲಿಗೆ ಇಗರ್ಜಿಯಲ್ಲಿ ಜ್ಞಾನಸ್ನಾನ ಮಾಡಿಸಿದಾಗ ಮಗುವನ್ನು ಎತ್ತಿ ಹಿಡಿದವಳು ಅವಳು. ನೀರು ಮಗುವಿನ ನೆತ್ತಿಯ ಮೇಲೆ ಬಿದ್ದ ಗಳಿಗೆಯಿಂದ ಅವಳು ನಯೇಲಿಗೆ ಮಾದ್ರೀನಾ, ಎರಡನೇ ತಾಯಿ. ನನಗೆ ಕೊಮಾದ್ರೆ, ಒಡಹುಟ್ಟಿದವಳಿಗಿಂತ ಒಂದು ಕೈ ಮೇಲು. ಅಲ್ಲಿಯವರೆಗೆ 'ಏನೇ, ಬಾರೇ' ಎನ್ನುತ್ತಿದ್ದ ನಾವು ಅಂದಿನಿಂದ ಒಬ್ಬರಿಗೊಬ್ಬರು 'ನೀವು' ಎನ್ನತೊಡಗಿದೆವು. ನಮ್ಮಲ್ಲಿ ಪದ್ಧತಿ ಹಾಗೆ. ಬೈಯುವುದಿದ್ದರೂ ಮರ್ಯಾದೆ ಕೊಟ್ಟೇ ಬೈಯಬೇಕು.

"ಕೊಮಾದ್ರೆ, ನಿಮ್ ತಲೇಲಿ ಮೆದುಳಿದೆಯಾ, ಇಲ್ಲ ಬರೀ ಬೀನ್ಸಾ?" ಎಂದು ನಾನು ಕಾರಿನಲ್ಲಿ ಕೇಳುತ್ತಿದ್ದೆ. ಯಾವ ಕಲ್ಲು ಬೆಂಕಿಯಿಂದ ಹುಟ್ಟಿತು, ಯಾವುದು ಕೆಸರಿನಿಂದ ಎನ್ನುವುದು ಅವಳ ತಲೆಗೆ ಹೋಗುತ್ತಲೇ ಇರಲಿಲ್ಲ.

"ಬೀನ್ಸೇ ಕಣ್ರೀ. ಆದ್ರೆ ಚೆನ್ನಾಗಿ ಬೆಂದಿದೆ. ಮತ್ತೊಂದ್ಸಲ ಹೇಳಿ."

ಮತ್ತೊಂದು ಸಲ ಹೇಳುತ್ತಿದ್ದೆ. ನಾಲ್ಕು ವಿಷಯದ ಸರ್ಕಾರಿ ಪರೀಕ್ಷೆಯನ್ನು ಅವಳು ಪಾಸು ಮಾಡಿದ್ದು ನನ್ನ ಗಂಟಲು ಒಣಗಿದ್ದರಿಂದ. ಹಾಗೆಂದು ಆಗ ನನಗೆ ಅನ್ನಿಸಿರಲಿಲ್ಲ. ಈಗ ಅನ್ನಿಸುತ್ತದೆ, ಅಂದದ್ದಕ್ಕೆ ನಾಚಿಕೆಯೂ ಇಲ್ಲ.

ನಮ್ಮ ಕಾಲೇಜಿನಲ್ಲಿ ಪಾಠ ಮಾಡಲು ಕಲಿಸುವ ರೀತಿ ಒಂದಿದೆ. ಒಬ್ಬರು ಟೀಚರ್ ಆಗಿ ಮುಂದೆ ನಿಲ್ಲಬೇಕು, ಉಳಿದವರು ಆರನೇ ತರಗತಿಯ ಮಕ್ಕಳಾಗಬೇಕು. ಮೂವತ್ತು ದಾಟಿದ ಹೆಂಗಸರು ಕಾಗದದ ಉಂಡೆ ಎಸೆಯುತ್ತಾರೆ, ಬಾತ್‌ರೂಮಿಗೆ ಹೋಗಬೇಕು ಎನ್ನುತ್ತಾರೆ, ಡೆಸ್ಕಿನ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಾರೆ. ಗ್ರಿಸೆಲ್ಡಾಳಷ್ಟು ಚೆನ್ನಾಗಿ ಮಗುವಾಗುವವರು ಇನ್ನೊಬ್ಬರಿರಲಿಲ್ಲ. ಟೀಚರ್ ಆಗಿ ನಿಂತರೆ ಮಾತ್ರ ಅವಳ ಕೈಕಾಲು ತಣ್ಣಗಾಗುತ್ತಿತ್ತು, ಹೇಳಬೇಕಾದದ್ದು ಮರೆತುಹೋಗುತ್ತಿತ್ತು.

ಕೊನೆಯ ವರ್ಷ ಪ್ರತಿಯೊಬ್ಬರೂ ನಾಲ್ಕು ವಿಷಯ ಸೇರಿಸಿ ತಮ್ಮದೇ ಒಂದು ಪಾಠ ಕಟ್ಟಬೇಕಿತ್ತು. ನಾನು ಕಟ್ಟಿದ್ದು ನನ್ನ ಅಜ್ಜಿ ಎಪಿಫಾನಿಯಾಳ ಕಥೆಯ ಮೇಲೆ. ಅಮ್ಮನ ಅಮ್ಮ. ಅವಳು ಹುಟ್ಟಿದ ಮನೆ ಇಲ್ಲಿಂದ ಬಹಳ ದೂರ, ನದಿಯ ಮೇಲ್ಭಾಗದಲ್ಲಿ, ಮೆಕ್ಸಿಕೊ ಕಡೆಯ ದಡದಲ್ಲಿತ್ತು. ನದಿ ಆ ಮನೆಯ ಸುತ್ತ ಕುದುರೆ ಲಾಳದಂತೆ ಬಳಸಿ ಹರಿಯುತ್ತಿತ್ತು. ಅಜ್ಜಿ ಚಿಕ್ಕವಳಿದ್ದಾಗ, ಅವಳ ಅಮ್ಮ ತೀರಿಹೋದ ಮರುವರ್ಷ, ಒಂದು ದೊಡ್ಡ ಪ್ರವಾಹ ಬಂತು. ಬೆಳಗ್ಗೆ ಅವಳ ಅಪ್ಪ ಬಾಗಿಲು ತೆರೆದರೆ ಮುಂದೆ ಇರಬೇಕಾದ ನದಿ ಇಲ್ಲ. ರಾತ್ರೋರಾತ್ರಿ ಲಾಳದ ಕುತ್ತಿಗೆ ಕೊರೆದುಕೊಂಡು ಅದು ಮನೆಯ ಹಿಂದೆ ಹರಿಯುತ್ತಿತ್ತು. ಮೆಕ್ಸಿಕೊದಲ್ಲಿ ಮಲಗಿದವರು ಅಮೆರಿಕದಲ್ಲಿ ಎದ್ದಿದ್ದರು.

ಪಾಠಕ್ಕೆ ನಾನು ದೊಡ್ಡ ತಟ್ಟೆಯೊಂದರಲ್ಲಿ ಒದ್ದೆ ಮರಳು ಹರಡಿ, ಬೆರಳಿನಲ್ಲಿ ಬಳಸು ನದಿ ಕೊರೆದು, ನೀರು ಸುರಿಯುತ್ತಿದ್ದೆ. ಮಕ್ಕಳ ಕಣ್ಣೆದುರೇ ನೀರು ಹಾದಿ ಬದಲಿಸುತ್ತಿತ್ತು. ಅದು ವಿಜ್ಞಾನ. ಹಳೆಯ ಹಾದಿಯನ್ನೂ ಹೊಸ ಹಾದಿಯನ್ನೂ ದಾರದಲ್ಲಿ ಅಳೆದು ಹೋಲಿಸಿದರೆ ಗಣಿತ. ಗಡಿ ಯಾರು ಎಳೆದದ್ದು ಎಂದು ಕೇಳಿದರೆ ಸಮಾಜ. ಕೊನೆಗೆ ಎಪಿಫಾನಿಯಾ ಆಗಿ ಆ ಬೆಳಗಿನ ಬಗ್ಗೆ ಬರೆಯಿರಿ ಎಂದರೆ ಭಾಷೆ. ಪ್ರೊಫೆಸರ್ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಈ ಪಾಠವನ್ನು, ನಯೇಲಿ ಮಲಗಿದ ಮೇಲೆ, ನನ್ನ ಅಡುಗೆಮನೆಯಲ್ಲಿ ಎಷ್ಟು ಸಲ ಮಾಡಿದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಎದುರಿಗೆ ಕೂತ ತರಗತಿ ಗ್ರಿಸೆಲ್ಡಾ ಒಬ್ಬಳೇ.

"ಮಿಸ್, ಅವ್ರ ಮನೆ ನಾಯಿ ಇಂಗ್ಲಿಷಲ್ಲಿ ಬೊಗಳೋಕೆ ಶುರು ಮಾಡ್ತಾ?" ಎಂದು ತುಂಟ ಹುಡುಗನ ದನಿಯಲ್ಲಿ ಕೇಳುತ್ತಿದ್ದಳು.

"ಇಲ್ಲಪ್ಪ, ಬೊಗಳೋಕೆ ಮುಂಚೆ ಪಾಸ್‌ಪೋರ್ಟ್ ಕೇಳ್ತಿತ್ತು."

"ಇದು ಚೆನ್ನಾಗಿದೆ ಕೊಮಾದ್ರೆ, ಇದನ್ನ ಬಿಡ್ಬೇಡಿ" ಎಂದು ಅವಳು ತನ್ನ ದನಿಗೆ ಮರಳಿ ಹೇಳುತ್ತಿದ್ದಳು. ನನ್ನ ಕಥೆ ಎಲ್ಲಿ ನಿಧಾನವಾಗಬೇಕು, ಯಾವ ಜಾಗದಲ್ಲಿ ಮಕ್ಕಳು ನಗುತ್ತಾರೆ, ಎಲ್ಲವನ್ನೂ ತಿದ್ದಿ ತಿದ್ದಿ ಕೊಟ್ಟವಳು ಅವಳೇ.

ಪದವಿ ಮುಗಿಯುವ ಹೊತ್ತಿಗೆ ನನ್ನದೇ ತರಗತಿಯ ಟೀಚರ್ ನಿವೃತ್ತರಾದರು. ಊರಿನಲ್ಲಿ ಖಾಲಿಯಾದದ್ದು ಅದೊಂದೇ ಜಾಗ. ನಾವಿಬ್ಬರೂ ಅರ್ಜಿ ಹಾಕಿದೆವು. ಹಾಕಬೇಡಿ ಎಂದು ನಾನು ಹೇಳಲಿಲ್ಲ. ಯಾರಿಗೆ ಬಂದರೂ ನಮ್ಮಲ್ಲೇ ಉಳಿಯುತ್ತದೆ ಎಂದು ಅವಳೆಂದಾಗ ನಾನೂ ಹೌದೆಂದೆ. ಕೊನೆಗೆ ಉಳಿದದ್ದು ನಾವಿಬ್ಬರೇ. ಪ್ರಿನ್ಸಿಪಾಲ್ ಸಾಮರ್ರೀಪಾ ಒಂದು ನಿಯಮ ಮಾಡಿದರು: ಇಬ್ಬರೂ ಅದೇ ಆರನೇ ತರಗತಿಯ ಮಕ್ಕಳಿಗೆ ಒಬ್ಬರಾದ ಮೇಲೆ ಒಬ್ಬರು ಪಾಠ ಮಾಡಬೇಕು. ಪಾಠ ಅವರವರ ಇಷ್ಟ.

"ನೀವು ಯಾವುದು ಮಾಡ್ತೀರಿ?" ಎಂದು ಕೇಳಿದೆ.

"ಭಿನ್ನರಾಶಿ. ಟೋರ್ತಿಯಾ ರೊಟ್ಟಿ ಹರಿದು ಹರಿದು ತೋರಿಸ್ತೀನಿ. ಪಾಠ ಬಿದ್ದೋದ್ರೂ ಮಕ್ಕಳಿಗೆ ತಿನ್ನೋಕಾದ್ರೂ ಆಗುತ್ತೆ."

ಮೊದಲ ಸರದಿ ನನ್ನದಿತ್ತು. ಆ ಮಧ್ಯಾಹ್ನ ಗ್ರಿಸೆಲ್ಡಾ ಕಾರು ನಿಲ್ಲಿಸುವ ಜಾಗದಲ್ಲಿ ನನ್ನ ಕೈ ಹಿಡಿದುಕೊಂಡಳು. ಅವಳ ಕೈ ಮಂಜಿನಂತಿತ್ತು.

"ಕೊಮಾದ್ರೆ, ನಂಗೆ ಮೊದ್ಲು ಹೋಗೋಕೆ ಬಿಡಿ. ಕಾಯ್ತಾ ಕೂತ್ರೆ ನಾನು ಸತ್ತೇಹೋಗ್ತೀನಿ. ನನ್ನದು ಮುಗಿದ ತಕ್ಷಣ ನಯೇಲಿನ ಅವಳ ಶಾಲೆಯಿಂದ ನಾನೇ ಕರ್ಕೊಂಡು ಬರ್ತೀನಿ. ನೀವು ಗಡಿಬಿಡಿ ಇಲ್ಲದೆ ಪಾಠ ಮಾಡಿ."

ನನಗೆ ಅಯ್ಯೋ ಅನ್ನಿಸಿತು. ಸಾಮರ್ರೀಪಾ ಅವರನ್ನು ನಾನೇ ಕೇಳಿ ಸರದಿ ಬದಲಿಸಿದೆ. ಅವಳ ಕಾರಿನ ಡಿಕ್ಕಿಯಲ್ಲಿ ಬಟ್ಟೆ ಮುಚ್ಚಿದ ದೊಡ್ಡ ಪೆಟ್ಟಿಗೆಯೊಂದಿತ್ತು. ಒಂದು ತುದಿ ಅವಳು, ಒಂದು ತುದಿ ನಾನು ಹಿಡಿದು ತರಗತಿಯವರೆಗೆ ಹೊತ್ತೆವು.

"ಎಷ್ಟು ಭಾರ ಕೊಮಾದ್ರೆ, ಇಡೀ ಊರಿಗೆ ಟೋರ್ತಿಯಾ ಮಾಡಿದ್ದೀರಾ?" ಎಂದೆ.

ಅವಳು ನಗಲಿಲ್ಲ. ಭಯಕ್ಕೆ ಎಂದುಕೊಂಡೆ. ಲೈಬ್ರರಿಯಲ್ಲಿ ಕೂತು ಅವಳಿಗೋಸ್ಕರ ಒಂದು ಪ್ರಾರ್ಥನೆಯನ್ನೂ ಹೇಳಿದೆ. ದೇವರಿಗೆ ಅವತ್ತು ಚೆನ್ನಾಗಿ ಕಿವಿ ಕೇಳಿಸಿರಬೇಕು.

ನನ್ನ ಸರದಿ ಬಂದಾಗ ಅವಳು ಆಗಲೇ ಹೊರಟುಹೋಗಿದ್ದಳು. ಒಳಗೆ ಹೋಗಿ ಮೇಜಿನ ಮೇಲೆ ನನ್ನ ಮರಳಿನ ತಟ್ಟೆಯಿಟ್ಟೆ. ಮಕ್ಕಳೆಲ್ಲ ನನಗೆ ಗೊತ್ತಿದ್ದವರೇ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನ ಸಾಲಿನಲ್ಲಿ ಉರಿಯೆಲ್ ಎಂಬ ಬಾಯಿಬಡುಕ ಹುಡುಗ. ಅವನು ಕೈ ಎತ್ತದೆಯೇ ಕೂಗಿದ.

"ಮಿಸ್, ಇದು ಈಗಷ್ಟೇ ಆಯ್ತಲ್ಲ!"

"ಏನಾಯ್ತು?"

"ಮರಳು, ನದಿ, ಎಪಿಫಾನಿಯಾ. ಮಿಸ್ ಗ್ರಿಸೆಲ್ಡಾ ಅವ್ರ ಅಜ್ಜಿ. ಮೆಕ್ಸಿಕೊದಲ್ಲಿ ಮಲಗಿ ಅಮೆರಿಕದಲ್ಲಿ ಎದ್ರಲ್ಲ, ಅವ್ರು."

ಇನ್ನೊಬ್ಬ ಹುಡುಗ ದನಿಗೂಡಿಸಿದ, "ನಾಯಿ ಪಾಸ್‌ಪೋರ್ಟ್ ಕೇಳ್ತು ಮಿಸ್!"

ಕಾಲ ಕೆಳಗಿನ ನೆಲ ಕುಸಿಯಿತು ಎನ್ನುತ್ತಾರಲ್ಲ, ಹಾಗೇನೂ ಆಗಲಿಲ್ಲ. ನೆಲ ಅಲ್ಲೇ ಇತ್ತು. ಅದರ ಮೇಲೆ ನಿಂತು ನಾನು ಏನಾದರೂ ಹೇಳಲೇಬೇಕಾಗಿತ್ತು.

"ಎಪಿಫಾನಿಯಾ ನನ್ನ ಅಜ್ಜಿ" ಎಂದೆ.

ಉರಿಯೆಲ್ ಹೇಳಿದ, "ನಿಮ್ ಅಜ್ಜಿ ಮನೇನೂ ಆ ಕಡೆಯಿಂದ ಈ ಕಡೆ ಹೋಯ್ತಾ? ಪಾಪ, ಈ ನದಿ ಎಷ್ಟು ಅಜ್ಜಿಯರ ಮನೆಗೆ ಕೈ ಹಾಕಿದೆ!" ತರಗತಿ ಗೊಳ್ಳೆಂದಿತು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಪಿಸುಮಾತೊಂದು ಕೇಳಿತು, "ನಮಗೆ ಕಾಪಿ ಹೊಡೀಬೇಡಿ ಅಂತಾರೆ, ನೋಡು."

ಪಾಠ ಮುಂದುವರಿಸಿದೆ. ಬೇರೆ ಪಾಠ ಕೈಯಲ್ಲಿರಲಿಲ್ಲ. ನಾನು ಪ್ರಶ್ನೆ ಮುಗಿಸುವ ಮುಂಚೆಯೇ ಮಕ್ಕಳು ಉತ್ತರ ಹೇಳುತ್ತಿದ್ದರು. ನೀರು ಎಲ್ಲಿ ಕೊರೆಯುತ್ತದೆ, ಯಾವ ದಾರ ಉದ್ದ, ಎಲ್ಲ ಗೊತ್ತು. ಪಾಪ, ಅವರು ನನಗೆ ಸಹಾಯ ಮಾಡುತ್ತಿದ್ದೇವೆ ಎಂದುಕೊಂಡಿದ್ದರು. ಹಿಂದೆ ಕೂತ ಸಾಮರ್ರೀಪಾ ಗಡಿಯಾರ ನೋಡಿಕೊಂಡರು.

ಪಾಠವಾದ ಮೇಲೆ ಅವರ ಕೋಣೆಗೆ ನುಗ್ಗಿದೆ.

"ಸರ್, ಅದು ನನ್ನ ಪಾಠ. ಎಪಿಫಾನಿಯಾ ನಮ್ಮಮ್ಮನ ಅಮ್ಮ."

"ಕೂತ್ಕೊಳ್ಳಿ ಎಲೋಯ್ಸಾ" ಎಂದರು ಅವರು. ಒಳ್ಳೆಯ ಮನುಷ್ಯ, ಕೂಗಾಡುವವರಲ್ಲ. "ಗ್ರಿಸೆಲ್ಡಾ ಮೊದ್ಲೇ ನನಗೆ ಹೇಳಿದ್ರು. ಇಬ್ರೂ ಕೂತು ಕಟ್ಟಿದ ಪಾಠ, ಎಲೋಯ್ಸಾನೂ ಅದನ್ನೇ ಮಾಡ್ಬೋದು, ದಯವಿಟ್ಟು ತಪ್ಪು ತಿಳ್ಕೋಬೇಡಿ ಅಂತ. ದೊಡ್ಡ ಮನಸ್ಸು ಅವ್ರದ್ದು."

"ಪಾಠದ ಮಾತು ಬಿಡಿ ಸರ್. ಅಜ್ಜಿ? ಅಜ್ಜೀನೂ ಇಬ್ರೂ ಕೂತು ಕಟ್ಟಿದ್ದಾ?"

ಅವರು ನಕ್ಕರು. "ನೀವು ಕೊಮಾದ್ರೆಗಳಲ್ವಾ? ನಮ್ಮಮ್ಮನ ಕೊಮಾದ್ರೆಯ ತಾಯೀನ ನಾನು ಅವ್ರು ಸಾಯೋವರೆಗೂ ಅಜ್ಜಿ ಅಂತಾನೇ ಕರೆದೆ. ನನ್ನಜ್ಜಿ ಅಲ್ಲ ಅಂತೇನಾದ್ರೂ ಅಂದಿದ್ರೆ ಅಮ್ಮ ಹಲ್ಲು ಉದುರಿಸ್ತಿದ್ರು. ನಿಮ್ಮೊಳಗೆ ನಿಂದು ನಂದು ಅಂತ ಏನಿದೆ? ಮನೇಲಿ ಕೂತು ಬಗೆಹರಿಸ್ಕೊಳ್ಳಿ."

ಬೇರೆ ಯಾರೋ ಕದ್ದಿದ್ದರೆ ಅವರು ವಿಚಾರಿಸುತ್ತಿದ್ದರು. ಕೊಮಾದ್ರೆ ಕದಿಯುವುದು ಎನ್ನುವ ಸಂಗತಿಯೇ ಅವರ ತಲೆಯಲ್ಲಿರಲಿಲ್ಲ. ಪ್ರೊಫೆಸರಿಗೆ ಫೋನ್ ಮಾಡಿದೆ. "ನೀವಿಬ್ರೂ ಎಲ್ಲಾನೂ ಒಟ್ಟಿಗೇ ಮಾಡ್ತಿದ್ರಲ್ಲ ಎಲೋಯ್ಸಾ, ಯಾರದು ಎಷ್ಟು ಅಂತ ನಾನು ಹೇಗೆ ಹೇಳ್ಲಿ?" ಎಂದರು. ಅಜ್ಜಿಯೂ ಇಲ್ಲ, ಅಮ್ಮನೂ ಇಲ್ಲ; ನಾನು ಮದುವೆಯಾಗಿ ಇಲ್ಲಿಗೆ ಬರುವ ಮೊದಲೇ ಇಬ್ಬರೂ ತೀರಿಕೊಂಡಿದ್ದರು. ಈ ಊರಿನಲ್ಲಿ ಅವರನ್ನು ಕಂಡವರೂ ಇಲ್ಲ.

ಮನೆಗೆ ಬಂದರೆ ಗ್ರಿಸೆಲ್ಡಾ ನನ್ನ ಅಡುಗೆಮನೆಯಲ್ಲಿದ್ದಳು. ಮಾತು ಕೊಟ್ಟಂತೆ ನಯೇಲಿಯನ್ನು ಕರೆತಂದಿದ್ದಳು, ಬೇಕರಿಯಿಂದ ಸಿಹಿ ಬ್ರೆಡ್ಡು ತಂದು ಹಾಲು ಬಿಸಿ ಮಾಡಿ ಕೊಟ್ಟಿದ್ದಳು. ಮಗಳನ್ನು ಹಿತ್ತಲಿಗೆ ಕಳಿಸಿದೆ.

"ಯಾವತ್ತು ತೀರ್ಮಾನ ಮಾಡ್ದೆ ನೀನು?" ಎಂದೆ.

ಅವಳ ಮುಖ ಬಿಳಿಚಿಕೊಂಡಿತು. ಕಳ್ಳಿ ಎಂದಿದ್ದರೂ ಅಷ್ಟು ನೋಯುತ್ತಿರಲಿಲ್ಲವೇನೋ.

"'ನೀನು' ಅಂದ್ರಾ ಕೊಮಾದ್ರೆ?"

"ಅಂದೆ. ಇನ್ನೊಂದ್ಸಲ ಅನ್ನಲಾ? ನೀನು ಯಾವತ್ತು ತೀರ್ಮಾನ ಮಾಡ್ದೆ?"

"ಮೊನ್ನೆ" ಎಂದಳು. "ಭಿನ್ನರಾಶಿ ಮಾಡಿ ನೋಡ್ದೆ. ಕನ್ನಡಿ ಮುಂದೆ ನಿಂತ್ರೂ ಬರ್ಲಿಲ್ಲ. ನಿಮ್ಮ ಪಾಠ ಮಾತ್ರ ಬಾಯಿಂದ ತಾನಾಗೇ ಬಂತು. ಅಷ್ಟು ಸಲ ಕೇಳಿದ್ದೀನಲ್ಲ, ನಮ್ಮಜ್ಜೀನೇ ಹೇಳ್ದಹಾಗೆ ಬಂತು. ನಮ್ಮಜ್ಜಿ ನಂಗೆ ಬೈಗುಳ ಬಿಟ್ಟು ಬೇರೇನೂ ಹೇಳ್ಕೊಡ್ಲಿಲ್ಲ."

"ಕೇಳ್ಬೋದಿತ್ತು."

"ಕೇಳಿದ್ರೆ ಕೊಡ್ತಿದ್ರಾ?"

ಕೊಡುತ್ತಿರಲಿಲ್ಲ. ಯಾಕೆ ಕೊಡಬೇಕು? ಅದು ನನ್ನದು.

"ನೀವು ಸಹಾಯಕಿಯಾದ್ರೂ ತರಗತಿ ಒಳಗಿದ್ದೀರಿ" ಎಂದಳು, ಅಳುತ್ತ. "ನಾನು ಆ ಕಿಟಕಿ ಹಿಂದೇನೇ ಮುದುಕಿ ಆಗ್ಬೇಕಾ?"

"ನಾಳೆ ಹೋಗಿ ಹೇಳು. ಎಪಿಫಾನಿಯಾ ನನ್ನಜ್ಜಿ ಅಲ್ಲ, ಎಲೋಯ್ಸಾಳ ಅಜ್ಜಿ ಅಂತ."

"ಹೇಳಿದ್ರೆ ಈ ಜಗಳವೇ ಬೇಡ ಅಂತ ಇಬ್ಬರನ್ನೂ ಕೈಬಿಡ್ತಾರೆ, ನಿಮಗೂ ಸಿಗಲ್ಲ, ನಂಗೂ ಇಲ್ಲ. ಹೊರಗಿನವರು ಯಾರೋ ಬರ್ತಾರೆ. ಬರೋ ವರ್ಷ ನಯೇಲಿ ಆರನೇ ಕ್ಲಾಸು. ಯಾರೋ ಗೊತ್ತಿಲ್ಲದವರ ಕೈಲಿ ಓದ್ಬೇಕಾ ಅವಳು?"

ಕಣ್ಣೊರೆಸಿಕೊಂಡು, ನಯೇಲಿಯ ಲೋಟ ತೊಳೆದಿಟ್ಟು ಹೋದಳು. ಹೇಳಲಿಲ್ಲ. ವಾರ ಕಳೆಯುವುದರೊಳಗೆ ಜಾಗ ಅವಳದಾಯಿತು. ಗಂಡನನ್ನಾದರೂ ಬಿಡಬಹುದು, ಕೊಮಾದ್ರೆಯನ್ನು ಬಿಡಿಸಿಕೊಡುವ ಕೋರ್ಟು ಎಲ್ಲೂ ಇಲ್ಲ. ಮಗುವಿನ ಮೇಲೆ ಬಿದ್ದ ನೀರನ್ನು ವಾಪಸು ಪಡೆಯುವುದು ಹೇಗೆ? ನನ್ನ ಗಂಡ ಕೂಡ, "ಹೋಗ್ಲಿ ಬಿಡೇ, ಮನೆಯವಳೇ ತಾನೆ" ಎಂದ. ಅವತ್ತು ಅವನಿಗೆ ಊಟ ಬಡಿಸಲಿಲ್ಲ.

ಆಗಸ್ಟಿನಲ್ಲಿ ಶಾಲೆ ಶುರುವಾಯಿತು. ಸುತ್ತಮುತ್ತ ಎಲ್ಲೂ ಜಾಗವಿರಲಿಲ್ಲ, ನನ್ನ ಕೆಲಸ ಬಿಟ್ಟರೆ ಮನೆ ನಡೆಯುತ್ತಿರಲಿಲ್ಲ. ಸಹಾಯಕಿಯಾಗಿ ಯಾರು ಬೇಕು ಎಂದು ಹೊಸ ಟೀಚರನ್ನು ಕೇಳಿದರಂತೆ. ಗ್ರಿಸೆಲ್ಡಾ ನಾನೇ ಬೇಕೆಂದು ಹೇಳಿ ಹಾಕಿಸಿಕೊಂಡಿದ್ದಳು. ಅದು ನನಗೆ ಮಾಡಿದ ಉಪಕಾರ ಎಂದು ಅವಳು ಇಂದಿಗೂ ನಂಬಿದ್ದಾಳೆ. ಹೀಗೆ ಪದವಿ ಪಡೆದು ಅದೇ ತರಗತಿಯ ಅದೇ ಹಿಂದಿನ ಕುರ್ಚಿಗೆ ಮರಳಿದೆ. ನಯೇಲಿ ಕಿಟಕಿಯ ಪಕ್ಕದ ಸಾಲಿನಲ್ಲಿ ಕೂತಳು. ಮಾದ್ರೀನಾ ತನ್ನ ಟೀಚರ್ ಎಂದು ಅವಳು ಕುಣಿದ ಕುಣಿತ ನೋಡಬೇಕಿತ್ತು. ಮಗುವಿಗೆ ಅಜ್ಜಿಯ ಕಥೆಯನ್ನಾಗಲಿ ಈ ಕಳ್ಳತನವನ್ನಾಗಲಿ ನಾನು ಹೇಳಿರಲಿಲ್ಲ. ದೊಡ್ಡವರ ಹೊಲಸನ್ನು ಅವಳ ತಟ್ಟೆಗೆ ಬಡಿಸುವುದು ಬೇಡ ಎಂದು ಸುಮ್ಮನಿದ್ದೆ.

ಅಕ್ಟೋಬರಿನಲ್ಲಿ ನದಿಯ ಪಾಠ ಬಂತು. ಮರಳಿನ ತಟ್ಟೆ ಹೊತ್ತು ತಂದು ಮೇಜಿನ ಮೇಲಿಟ್ಟವಳು ನಾನೇ. ಅದು ಸಹಾಯಕಿಯ ಕೆಲಸ. ಗ್ರಿಸೆಲ್ಡಾಳಿಗೆ ಈಗ ಕೈಕಾಲು ತಣ್ಣಗಾಗುತ್ತಿರಲಿಲ್ಲ. ನಾನು ನಿಧಾನವಾಗುತ್ತಿದ್ದಲ್ಲಿ ನಿಧಾನವಾದಳು, ಮಕ್ಕಳು ನಗಬೇಕಾದಲ್ಲಿ ನಗಿಸಿದಳು. ಚೆನ್ನಾಗಿಯೇ ಮಾಡಿದಳು, ಹಾಳಾದವಳು.

ಆಗ ಬ್ರಿಸಾ ಎಂಬ ಹುಡುಗಿ ಕೈ ಎತ್ತಿದಳು. ಮಾತು ಕಡಿಮೆ, ಯೋಚನೆ ಜಾಸ್ತಿ ಇರುವ ಮಗು.

"ಮಿಸ್, ಎಪಿಫಾನಿಯಾ ಅವ್ರ ಅಮ್ಮ ಆಗ್ಲೇ ತೀರಿಹೋಗಿದ್ರು ಅಂದ್ರಲ್ಲ. ಅವ್ರನ್ನ ಹೂಳಿದ್ದು ಎಲ್ಲಿ? ಸಮಾಧಿ ಯಾವ ಕಡೆ ಉಳೀತು?"

ಅಡುಗೆಮನೆಯಲ್ಲಿ ಅಷ್ಟು ಸಲ ಪಾಠ ಮಾಡಿದ್ದರೂ ಗ್ರಿಸೆಲ್ಡಾ ಈ ಪ್ರಶ್ನೆ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಸಮಾಧಿ ಆ ಕಡೆ ಉಳಿಯಿತು. ಅಜ್ಜಿ ಬದುಕಿರುವವರೆಗೂ ನದಿಯ ಈ ದಡದಲ್ಲಿ ನಿಂತು ಆ ದಿಕ್ಕಿಗೆ ಕೈಮುಗಿಯುತ್ತಿದ್ದಳು. ಒಮ್ಮೆಯೂ ದಾಟಿ ಹೋಗಲಿಲ್ಲ. ಹೋದರೆ ಮರಳಿ ಬರಲು ಬಿಡುವುದಿಲ್ಲ ಎಂಬ ಹೆದರಿಕೆ ಅವಳಿಗೆ ಸಾಯುವವರೆಗೂ ಇತ್ತು.

ಗ್ರಿಸೆಲ್ಡಾ ನನ್ನತ್ತ ತಿರುಗಿದಳು. ಅವಳ ಕಣ್ಣು ಅಂಗಲಾಚುತ್ತಿತ್ತು.

"ಮಿಸ್ ಎಲೋಯ್ಸಾ, ನೀವು ಹೇಳ್ತೀರಾ?"

ಪ್ರಶ್ನೆ ಚೆನ್ನಾಗಿತ್ತು. ಇಂಥ ಪ್ರಶ್ನೆಗೋಸ್ಕರವೇ ನಾನು ಟೀಚರ್ ಆಗಬೇಕೆಂದಿದ್ದೆ. ಉತ್ತರ ಹೇಳಿದರೆ ಉಳಿದಿದ್ದ ಒಂದು ತುಂಡನ್ನೂ ಅವಳ ಕೈಗೆ ನಾನೇ ಕೊಟ್ಟಂತೆ. ಬರುವ ವರ್ಷ ಅದೂ ಅವಳ ಬಾಯಲ್ಲಿರುತ್ತದೆ.

"ನಂಗೇನು ಗೊತ್ತು ಮಿಸ್" ಎಂದೆ. "ಅಜ್ಜಿ ನಿಮ್ಮವರಲ್ವಾ?"

ತರಗತಿ ಅವಳನ್ನು ನೋಡುತ್ತಿತ್ತು. ಅವಳು ತಡವರಿಸಿದ್ದು ಒಂದೇ ಗಳಿಗೆ.

"ಈ ಕಡೆ" ಎಂದಳು ಮಕ್ಕಳಿಗೆ. "ಸಮಾಧಿ ಈ ಕಡೇನೇ ಉಳೀತು. ಪ್ರತಿ ಭಾನುವಾರ ಹೋಗಿ ಹೂ ಇಟ್ಟು ಬರ್ತಿದ್ರು. ಬರ್ಕೊಳ್ಳಿ."

ಎಲ್ಲರೂ ತಲೆ ಬಗ್ಗಿಸಿದರು. ಎದ್ದು ನಯೇಲಿಯ ಡೆಸ್ಕಿನ ಹತ್ತಿರ ಹೋದೆ. ಅವಳೂ ಬರೆಯುತ್ತಿದ್ದಳು, ತನ್ನ ಮುದ್ದಾದ ಉರುಟು ಅಕ್ಷರದಲ್ಲಿ. ಪೆನ್ಸಿಲ್ಲಿನ ಮೇಲೆ ಕೈ ಇಟ್ಟೆ.

"ಬರೀಬೇಡ ಮಗಳೇ. ಅದು ಹಾಗಲ್ಲ."

ನಯೇಲಿ ಅತ್ತಿತ್ತ ನೋಡಿದಳು. ಗೆಳತಿಯರ ಮುಂದೆ ಮುಜುಗರವಾಗಿ ಕೆನ್ನೆ ಕೆಂಪಾಗಿತ್ತು. ಮೆಲ್ಲಗೆ ನನ್ನ ಕೈ ಸರಿಸಿದಳು.

"ಅಮ್ಮಾ, ಸುಮ್ನಿರು. ಟೀಚರ್ ಹೇಳಿದ್ದಾರೆ."